ಬಂಡಿಯ ಆಚೆಗೆ ಹಾಕಿದ ಎಲೆ

ಮಾನ್ವಿ
12 ಅಕ್ಟೋಬರ್ 1978

ಹನುಮಂತ್ರಾಯನಿಗೆ,

ನಿನ್ನೆ ದಸರೆ ಮುಗಿಯಿತು. ಊರವರೆಲ್ಲ ಬನ್ನಿ ಮುಡಿದು ಬಂದು ಒಬ್ಬರ ಕೈಗೊಬ್ಬರು ಎಲೆ ಇಟ್ಟರು. "ಬಂಗಾರ ತಗೊಂಡು ಬಂಗಾರದಂಗ ಇರೋಣು" ಎಂದು ನನ್ನ ಕೈಗೆ ಎಷ್ಟು ಜನ ಕೊಟ್ಟರೆಂದರೆ ಅಂಗಿಯ ಎರಡೂ ಜೇಬು ತುಂಬಿದವು. ಮನೆಗೆ ಬಂದು ಜೇಬು ಬರಿದು ಮಾಡುವಾಗ ನಿನ್ನ ನೆನಪಾಯಿತು. ಇಪ್ಪತ್ತು ವರ್ಷದಲ್ಲಿ ನಿನಗೆ ಒಮ್ಮೆಯೂ ಬನ್ನಿ ಕೊಟ್ಟಿಲ್ಲ. ನೀನು ಕುರಿ ಹೊಡೆದುಕೊಂಡು ನನ್ನ ಹೊಲಕ್ಕೆ ಬರುವುದು ಭತ್ತದ ಕೊಯ್ಲು ಮುಗಿದ ಮೇಲೆ, ಮಾರ್ಗಶಿರದ ಥಂಡಿಯಲ್ಲಿ. ದಸರೆಗೆ ನೀನೆಲ್ಲಿ, ನಾನೆಲ್ಲಿ. ಅದಕ್ಕೆ ಈ ಸಲ ಲಕೋಟೆಯೊಳಗೆ ಇಟ್ಟು ಕಳಿಸಿದ್ದೇನೆ. ಒಣಗಿದ ಎಲೆ, ಲಕೋಟೆಯನ್ನು ಜೋಪಾನವಾಗಿ ಒಡೆ.

ನಾನು ಕಲಿತದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ತಿದ್ದಿಸಿದವಳು ಹೆಂಡತಿ ಶರಣಮ್ಮ, ಅದೂ ನನಗೆ ಮೀಸೆ ಬಂದ ಮೇಲೆ. ತಪ್ಪು ಕಂಡರೆ ನಿನ್ನ ಮಗಳು ಬಂಡೆಮ್ಮ ನಗುವುದು ಬೇಡ. ದೇವದುರ್ಗದಲ್ಲಿ ಬಾಲವಾಡಿಯ ಟೀಚರಮ್ಮ ಆಗಿದ್ದಾಳಂತೆ. ಇನ್ನು ನಮ್ಮಂಥವರನ್ನೆಲ್ಲ ಕಿವಿ ಹಿಡಿಸಿ ನಿಲ್ಲಿಸಿಯಾಳು.

ಕಾಲುವೆಗೆ ನೀರು ಚೆನ್ನಾಗಿ ಬಂದಿದೆ. ಭತ್ತ ಹಾಲು ತುಂಬಿಕೊಂಡಿದೆ. ಬೆಳಿಗ್ಗೆ ಬದುವಿನ ಮೇಲೆ ನಡೆದರೆ ಧೋತರದ ಅಂಚು ಮಂಜಿಗೆ ತೋಯುತ್ತದೆ. ಬೇವಿನ ಗಿಡದ ಕೆಳಗೆ ನಿನ್ನ ಕುರಿಹಟ್ಟಿ ಬೀಳುತ್ತಿದ್ದ ಜಾಗದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಕೊಯ್ಲಾದ ಮೇಲೆ ಹೊಲ ಖಾಲಿ ಇರುತ್ತದೆ. ಗೊತ್ತಿರಲಿ ಎಂದು ಬರೆದೆ, ಅಷ್ಟೆ.

ನಿನ್ನ
ವಿರೂಪಣ್ಣ


ದೇವದುರ್ಗ
20 ಅಕ್ಟೋಬರ್ 1978

ವಿರೂಪಣ್ಣ ಕಾಕಾ ಅವರಿಗೆ ಬಂಡೆಮ್ಮನ ಶರಣು.

ನಿಮ್ಮ ಲಕೋಟೆ ಬಂದದ್ದು ಶೀಗಿ ಹುಣ್ಣಿಮೆಯ ದಿನ. ಹೊಲದಲ್ಲಿ ಪೂಜೆ ಮುಗಿಸಿ ಬಂದ ಅಪ್ಪ ಇನ್ನೂ ಕೈಕಾಲು ತೊಳೆದಿರಲಿಲ್ಲ. ಬನ್ನಿ ಪುಡಿಯಾಗಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಾನು ಓದಿದ್ದನ್ನು ಕೇಳಿದ. ಮುಗಿದ ಮೇಲೆ, "ಮತ್ತೇನರ ಬರದಾರೇನು, ಹಿಂದ ಮುಂದ ತಿರುವಿ ನೋಡು" ಅಂದ. ಏನೂ ಇಲ್ಲ ಅಂದೆ. "ಹಂಗಾರ ಸಾವ್ಕಾರ್ರಿಗೆ ಬನ್ನಿ ಮುಟ್ಟಿತು ಅಂತ ಬರಿ" ಅಂದು ಎದ್ದು ಹೋದ. ಪುಡಿಯನ್ನು ಮಾತ್ರ ಚೆಲ್ಲಲಿಲ್ಲ, ದೇವರ ಗೂಡಿನಲ್ಲಿ ಇಟ್ಟ.

ಅಪ್ಪ ಹೇಳಿದ್ದು ಅಷ್ಟೇ. ಇನ್ನು ಮುಂದಿನದು ನನ್ನ ಮಾತು. ತಪ್ಪಾದರೆ ಬೈಯಿರಿ.

ಹೋದ ಎಳ್ಳ ಅಮಾವಾಸ್ಯೆಗೆ ನಾನು ನಿಮ್ಮ ಹೊಲಕ್ಕೆ ಬಂದಿರಲಿಲ್ಲ. ಆದದ್ದನ್ನು ಅವ್ವ ಹೇಳಿದಳು. ಪ್ರತಿ ವರ್ಷ ಹೊಲಕ್ಕೆಲ್ಲ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆ ನಾವೆಲ್ಲ ಬೇವಿನ ಗಿಡದ ಕೆಳಗೆ ಒಂದೇ ಸಾಲಿನಲ್ಲಿ ಕೂಡುತ್ತಿದ್ದೆವು. ನೀವು, ನಿಮ್ಮ ಬಾಜೂ ಅಪ್ಪ, ಆಮೇಲೆ ಆಳುಗಳು, ನಾವು. ಹೋದ ವರ್ಷ ಆ ಸಾಲಿನಲ್ಲಿ ರಾಯಚೂರಿನಿಂದ ಬಂದ ನಿಮ್ಮ ಬೀಗರು ಕುಳಿತರು. ಅಪ್ಪ-ಅವ್ವನ ಊಟದ ಎಲೆ ಬುತ್ತಿ ತಂದಿದ್ದ ಬಂಡಿಯ ಆಚೆಗೆ ಬಿತ್ತು. ಅಪ್ಪ ಅನ್ನದ ಮೇಲೆ ಸಿಟ್ಟು ತೋರಿಸಬಾರದೆಂದು ಎಲೆ ಎತ್ತಿಕೊಂಡು ಹೋಗಿ, ಆ ಊಟವನ್ನೆಲ್ಲ ನಿಮ್ಮ ಹೊಲದ ನಾಲ್ಕು ಮೂಲೆಗೆ ಚರಗದಂತೆ ಚೆಲ್ಲಿ ಬಂದನಂತೆ. ಮರುದಿನ ಬೆಳಕು ಹರಿಯುವಾಗ ಹಟ್ಟಿ ಕಿತ್ತು ಕುರಿ ಹೊಡೆದುಕೊಂಡು ಹೊರಟರು.

ಅದೇ ಬೇವಿನ ಗಿಡದ ಕೆಳಗೆ ಭತ್ತದ ಹೊಟ್ಟು ಹರವಿ, ನನ್ನ ಬೆರಳು ಹಿಡಿದು ಅ ಆ ಬರೆಸಿದವರು ಶರಣಮ್ಮವ್ವ. ಅವರು ಇದ್ದಿದ್ದರೆ ಎಲೆ ಆಚೆಗೆ ಹೋಗುತ್ತಿತ್ತೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೊಲ ಖಾಲಿ ಇದೆ ಎಂದು ಬರೆದಿರಿ. ಅಪ್ಪ ಕಾಯುತ್ತಿರುವುದು ಆ ಮಾತಿಗಲ್ಲ, ಕಾಕಾ.

ನಿಮ್ಮ
ಬಂಡೆಮ್ಮ


ಮಾನ್ವಿ
4 ನವೆಂಬರ್ 1978

ಹನುಮಂತ್ರಾಯನಿಗೆ,

ಸಾವ್ಕಾರ್ರು ಎಂದೆಯಂತೆ. ಇಪ್ಪತ್ತು ವರ್ಷ ವಿರೂಪಣ್ಣ ಎಂದು ಕರೆದ ಬಾಯಿ ಸಾವ್ಕಾರ್ರು ಎಂದರೆ ಅದು ಮರ್ಯಾದೆಯಲ್ಲ, ಏಟು. ಇರಲಿ, ತಿಂದೆ.

ಬಂಡೆಮ್ಮ ಬರೆದದ್ದನ್ನೂ ಓದಿದೆ. ಸಿಟ್ಟು ಬಂತು. ಎಷ್ಟು ಚಂದ ಬರೆಯುತ್ತಾಳೆ ಎಂದು ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಯಾವುದನ್ನು ನುಂಗಬೇಕು.

ನಡೆದದ್ದು ಇಷ್ಟೇ. ಸೊಸೆ ಬಸವಂತಮ್ಮ ಹೊಸಬಳು. ರಾಯಚೂರು ಪೇಟೆಯಲ್ಲಿ ಬೆಳೆದವಳು, ಅಕ್ಕಿ ಮಿಲ್ಲಿನ ಶಂಭುಲಿಂಗಪ್ಪನ ಮಗಳು. ಹೊಲದಲ್ಲಿ ಉಣಬಡಿಸಿದ್ದು ಅವಳಿಗೆ ಅದೇ ಮೊದಲು. ನಮ್ಮ ಪದ್ಧತಿ ತಿಳಿಯದೆ ಎಲೆಯನ್ನು ಎಲ್ಲೋ ಹಾಕಿದಳು. ಚಿಕ್ಕವರ ತಪ್ಪನ್ನು ದೊಡ್ಡವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ದೀಪಾವಳಿಗೆ ಹಟ್ಟಿಗೆ ದೀಪ ಇಟ್ಟಿರಿ ತಾನೆ? ಇಲ್ಲಿ ಹಬ್ಬ ಸಪ್ಪಗಾಯಿತು. ಅಂಗಳದಲ್ಲಿ ಕುಳಿತು ಹಳೆಯದನ್ನೆಲ್ಲ ನೆನೆಸುತ್ತಿದ್ದೆ. ನಿನ್ನನ್ನು ಮೊದಲು ಕಂಡ ವರ್ಷ ಕಾಲುವೆ ನೀರು ಇನ್ನೂ ಹೊಸತು. ತಲೆತಲಾಂತರದಿಂದ ಜೋಳ ಬಿತ್ತಿದ ನಮಗೆ ಭತ್ತದ ಮರ್ಮ ಏನು ಗೊತ್ತು. ಆಂಧ್ರದ ಕಡೆಯವರು ನೆಟ್ಟು ತೋರಿಸಿದರು, ನಾವೂ ನೆಟ್ಟೆವು, ಎರಡು ವರ್ಷಕ್ಕೆ ನೆಲ ಸೋತಿತು. ಆಗ ನೀನು ಮುನ್ನೂರು ಕುರಿ ಹೊಡೆದುಕೊಂಡು ರಸ್ತೆ ಹಿಡಿದು ಹೋಗುತ್ತಿದ್ದೆ. ನನ್ನ ಅಪ್ಪ ಅಡ್ಡ ನಿಂತು, "ಏ ತಮ್ಮಾ, ನಾಕ ದಿನ ನನ್ನ ಹೊಲದಾಗ ಕುರಿ ತರುಬಿ ಹೋಗು, ನೆಲಕ್ಕಿಷ್ಟು ಹಿಕ್ಕಿ ಬೀಳ್ಲಿ" ಎಂದ. ನಾಲ್ಕು ದಿನಕ್ಕೆ ಬಂದವನು ತಿಂಗಳು ನಿಂತೆ. ಮುಂದಿನ ವರ್ಷ ನಮ್ಮ ಭತ್ತ ನೋಡಲು ಊರೇ ಬಂದಿತ್ತು.

ಮೊದಲ ಎಳ್ಳ ಅಮಾವಾಸ್ಯೆಗೆ ನೀನು ದೂರ ಬದುವಿನ ಮೇಲೆ ಕುಳಿತದ್ದನ್ನು ನೋಡಿ ಅಪ್ಪ ಕೂಗಿದ್ದು ಈಗಲೂ ಕಿವಿಯಲ್ಲಿದೆ: "ಹೊಲಕ್ಕ ಬೇಕಾದಾವ ಸಾಲಿಗೆ ಬ್ಯಾಡೇನು? ಬಾ ಇಲ್ಲಿ, ನನ್ನ ಬಾಜೂ ಕೂಡು." ಅಪ್ಪ ಹೋದ ಮೇಲೆ ಆ ಜಾಗ ನನಗೆ ಬಂತು, ನನ್ನ ಬಾಜೂ ನಿನಗೆ. ಬಂಡೆಮ್ಮ ಆಗ ಬೇವಿನ ಟೊಂಗೆಗೆ ಕಟ್ಟಿದ ಕಂಬಳಿ ಜೋಳಿಗೆಯಲ್ಲಿ ಮಲಗಿದ್ದಳು. ಥಂಡಿಗೆ ಹುಟ್ಟಿದ ಮರಿಗಳನ್ನು ಶರಣಮ್ಮ ಸೆರಗಿನಲ್ಲಿ ಸುತ್ತಿ ತಂದು ಒಲೆಯ ಬದಿಗೆ ಮಲಗಿಸುತ್ತಿದ್ದಳು. ಮನೆಯೆಲ್ಲ ಕುರಿ ವಾಸನೆ ಎಂದು ನಾನು ಗೊಣಗಿದರೆ, ಭತ್ತ ತೂಗುವಾಗ ಆ ವಾಸನೆ ಬರುವುದಿಲ್ಲವೇನು ಎಂದು ಕೇಳುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು.

ಇದನ್ನೆಲ್ಲ ಯಾಕೆ ಬರೆದೆನೋ. ಕೊಯ್ಲಿಗೆ ಇನ್ನು ಹದಿನೈದು ದಿನ.

ನಿನ್ನ
ವಿರೂಪಣ್ಣ


ದೇವದುರ್ಗ
14 ನವೆಂಬರ್ 1978

ವಿರೂಪಣ್ಣ ಕಾಕಾ ಅವರಿಗೆ,

ಇಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿದೆ. ಬೆಳಗಿನಿಂದ ಬಗ್ಗಿ ಬಗ್ಗಿ ಅಪ್ಪನ ನಡು ಹಿಡಿದಿದೆ. ಆದರೂ ಇವತ್ತು ನನ್ನ ಎದುರಿಗೆ ಕುಳಿತು ಹೇಳಿದ. "ನಾ ಆಡಿದಂಗ ಬರಿ, ಶಾಲಿ ಮಾತು ಕೂಡಿಸಬ್ಯಾಡ" ಅಂದಿದ್ದಾನೆ. ಹಾಗೆಯೇ ಬರೆಯುತ್ತೇನೆ.

"ಸಾವ್ಕಾರ್ರ, ನಿಮ್ಮಪ್ಪಾರ ಮಾತು ನೆನಪು ಮಾಡಿದ್ರಿ, ಚಲೋ ಆತು. ನಾನೂ ಮರ್ತಿಲ್ಲ. ಮರ್ತಿದ್ರ ಇಷ್ಟು ನೋವು ಆಗತಿದ್ದಿಲ್ಲ. ಮದ್ಲಿಂದ ದೂರ ಕುಂಡ್ರಿಸಿದ್ರ ದೂರ ಕುಂತು ಉಂಡು ಹೋಗತಿದ್ದೆ. ಅಂಥಾ ಊಟ ಎಷ್ಟೋ ಊರಾಗ ಉಂಡೀನಿ. ಬಾಜೂ ಕುಂಡ್ರಿಸಿಕೊಂಡು ಆಮ್ಯಾಲ ಎಬ್ಬಿಸಿದ್ರಿ ನೋಡ್ರಿ, ಅದು.

"ನಿಮ್ಮ ಸೊಸಿ ಮ್ಯಾಲ ಹಾಕಬ್ಯಾಡ್ರಿ. ಆಕಿ ಎಲಿ ಹಾಕೂ ಮುಂದ ನಾ ಆಕಿ ಕೈ ನೋಡೀನಿ. ನಡಗಾಕತ್ತಿದ್ವು. ಗೊತ್ತಿಲ್ದ ತಪ್ಪು ಮಾಡಾವ್ರ ಕೈ ನಡಗೂದಿಲ್ಲ. ಮನಸಿಲ್ದ ಮಾಡಾವ್ರದು ನಡಗತಾವ. ಇಷ್ಟ ಹೇಳತೀನಿ, ಮುಂದ ನಿಮಗ ಬಿಟ್ಟದ್ದು.

"ಈ ವರ್ಷ ಕಲ್ಲೂರಾಗ ಅಂಬಣ್ಣನ ಹೊಲಕ್ಕ ಕುರಿ ತರುಬತೀನಿ ಅಂತ ಮಾತು ಕೊಟ್ಟೀನಿ. ಕೊಟ್ಟ ಮಾತು ತಿರುಗಿ ಇಸ್ಕೊಳ್ಳಾಕ ಬರಂಗಿಲ್ಲ."

ಇಲ್ಲಿಗೆ ಅಪ್ಪನ ಮಾತು ಮುಗಿಯಿತು. 'ಎಬ್ಬಿಸಿದ್ರಿ' ಎಂದ ಮೇಲೆ ಅಪ್ಪ ಎದ್ದು ಹೋಗಿ ಇನ್ನೊಂದು ಕುರಿಯ ಉಣ್ಣೆ ಕತ್ತರಿಸಿ ಬಂದು ಮುಂದಿನದನ್ನು ಹೇಳಿದ.

ನಿಮ್ಮ
ಬಂಡೆಮ್ಮ


ಮಾನ್ವಿ
2 ಡಿಸೆಂಬರ್ 1978

ಹನುಮಂತ್ರಾಯಾ,

ಇಷ್ಟು ದಿನ ಕೊಯ್ಲಿನ ನೆವ ಹೇಳಿಕೊಂಡು ಕಾಗದ ಮುಟ್ಟಲಿಲ್ಲ. ಕೊಯ್ಲು ಮುಗಿಯಿತು, ರಾಶಿ ಮಾಡಿದೆವು, ಹುಲ್ಲನ್ನು ಬಣವೆ ಒಟ್ಟಿದೆವು. ಇನ್ನು ನೆವ ಉಳಿದಿಲ್ಲ.

ಎಲೆಯನ್ನು ಆಚೆಗೆ ಹಾಕಿಸಿದವನು ನಾನು.

ಬೀಗರು ಅವತ್ತು ಕಾರಿನಲ್ಲಿ ಬಂದಿದ್ದರು. ಮಗನಿಗೆ ಮಿಲ್ಲಿನ ಮನೆತನದ ಹೆಣ್ಣು ತಂದೆ ಎಂದು ನನಗೆ ಒಳಗೊಳಗೇ ಸೊಕ್ಕು, ಅದರ ಜೊತೆಗೇ ಅಂಜಿಕೆ. ನೀನು ಕಾಲುವೆಯಲ್ಲಿ ಕೈಕಾಲು ತೊಳೆದು ಸಾಲಿನ ಕಡೆ ಬರುತ್ತಿದ್ದೆ. ಶಂಭುಲಿಂಗಪ್ಪ ನಿನ್ನನ್ನು ನೋಡಿ, "ಇವ್ರು ಯಾರ್ರಿ?" ಎಂದು ಕೇಳಿದ. ಸುಮ್ಮನೆ ಕೇಳಿದ, ಕೆಟ್ಟ ಮನಸ್ಸೇನೂ ಇರಲಿಲ್ಲ. ನಮ್ಮ ಗೆಳೆಯ ಎಂದು ನಾನು ಹೇಳಬೇಕಿತ್ತು. "ಕುರಿಯಾವ್ರಿ" ಎಂದು ಬಾಯಿಗೆ ಬಂತು. ಒಮ್ಮೆ ಹಾಗೆ ಹೇಳಿದ ಮೇಲೆ ನಿನ್ನನ್ನು ಪಕ್ಕದಲ್ಲಿ ಹೇಗೆ ಕೂಡಿಸಿಕೊಳ್ಳಲಿ.

ಸೊಸೆ ನಿನ್ನ ಎಲೆಯನ್ನು ನನ್ನ ಬಾಜೂಕ್ಕೇ ಹಾಕಿದ್ದಳು. ಅವಳಿಗೆ ಪದ್ಧತಿ ಗೊತ್ತಿತ್ತು. ಹಿಂದಿನ ದಿನವೇ ಗಂಡನನ್ನು ಕೇಳಿ ತಿಳಿದುಕೊಂಡಿದ್ದಳಂತೆ. ನಾನು ಕಣ್ಣಿನಲ್ಲೇ ಬಂಡಿಯ ಕಡೆ ತೋರಿಸಿದೆ. ಅರ್ಥವಾಗದೆ ನಿಂತಳು. ಇನ್ನೊಮ್ಮೆ ತೋರಿಸಿದೆ. ಆಗ ಎಲೆ ಎತ್ತಿಕೊಂಡಳು. ಅವಳ ಕೈ ನಡುಗಿದ್ದನ್ನು ನೀನು ನೋಡಿದೆ. ನಾನು ನೋಡಬಾರದೆಂದು ಬೇರೆ ಕಡೆ ಮುಖ ಮಾಡಿದ್ದೆ.

ಆಮೇಲೆ ಕೇಳಿದವರಿಗೆಲ್ಲ, ಪೇಟೆಯ ಹುಡುಗಿ, ತಿಳಿಯಲಿಲ್ಲ ಎಂದೇ ಹೇಳಿದೆ. ನಿನಗೂ ಅದನ್ನೇ ಬರೆದೆ. ಒಂದು ವರ್ಷ ಆ ಮಾತನ್ನು ಅಡುಗೆಮನೆಯಲ್ಲಿ ಕೇಳಿಸಿಕೊಂಡು ಅವಳು ನನಗೆ ದಿನಾ ಬಿಸಿ ರೊಟ್ಟಿ ಬಡಿದು ಹಾಕಿದಳು. ಒಂದು ದಿನವೂ ಎದುರಾಡಲಿಲ್ಲ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹೊಲದ ಮಾತು ಬಿಡು. ಅಂಬಣ್ಣನಿಗೆ ಕೊಟ್ಟ ಮಾತು ನಡೆಸು. ತಪ್ಪು ನನ್ನದು ಎಂದು ಹೇಳುವುದಕ್ಕೆ ಈ ಕಾಗದ. ನನಗೆ ನಾಚಿಕೆಯಾಗಿದೆ. ನೀನಿಲ್ಲದ ಆ ಬೇವಿನ ಗಿಡದ ಕೆಳಗೆ ಹೋಗುವುದಕ್ಕೆ ಮನಸ್ಸಾಗುತ್ತಿಲ್ಲ.

ಈ ಲಕೋಟೆಗೆ ಅಂಟು ಹಚ್ಚಿಲ್ಲ. ಹೀಗೆಯೇ ಸೊಸೆಯ ಕೈಗೆ ಕೊಟ್ಟು, ಟಪಾಲಿಗೆ ಹಾಕವ್ವ ಎನ್ನುತ್ತೇನೆ. ಅವಳ ಎದುರಿಗೆ ನಿಂತು ಹೇಳುವ ಧೈರ್ಯ ಈ ಮುದುಕನಿಗೆ ಬರಲಿಲ್ಲ.

ವಿರೂಪಣ್ಣ

ಡಿಸೆಂಬರ್ 5
ಓದಿದೆ. ಮೂರು ದಿನ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಇವತ್ತು ಅಂಟು ಹಚ್ಚಿ ಹಾಕುತ್ತಿದ್ದೇನೆ.
ಬಸವಂತಮ್ಮ


ದೇವದುರ್ಗ
12 ಡಿಸೆಂಬರ್ 1978

ಕಾಕಾ ಅವರಿಗೆ,

ನಿಮ್ಮ ಕಾಗದವನ್ನು ಅಪ್ಪ ಮೂರು ಸಲ ಓದಿಸಿದ. ಮೂರನೆಯ ಸಲ ಬಸವಂತಮ್ಮಕ್ಕನ ಸಾಲನ್ನಷ್ಟೇ. "ಮೂರ ದಿನ ಇಟಗೊಂಡಿದ್ಲೇನು" ಅಂದು ಹೊರಗೆ ಹೋಗಿ ಕುಳಿತ. ನಾಳೆ ಕುರಿ ಹೊಡೆದುಕೊಂಡು ಕಲ್ಲೂರಿನ ದಾರಿ ಹಿಡಿಯುತ್ತಾರೆ. ಹೊರಡುವ ಗಡಿಬಿಡಿಯಲ್ಲೇ ಅಪ್ಪ ಹೇಳಿದ್ದು ಇದು.

"ವಿರೂಪಣ್ಣಾ, ನಿಮ್ಮ ಮಾತು ಮುಟ್ಟಿತು. ಮನಸು ಹಗುರಾತು ಅಂದ್ರ ಸುಳ್ಳಾಗತದ. ಕುರಿ ಹಿಂದ ಅಡ್ಡ್ಯಾಡಾವ್ಗ ವಿಚಾರ ಮಾಡಾಕ ಹೊತ್ತು ಭಾಳ. ಒಂದು ಮಾತು ಹೊಳೀತು, ಹೇಳತೀನಿ. ಇಪ್ಪತ್ತು ವರ್ಷ ನಿಮ್ಮ ಬುತ್ತಿ ನಾ ಉಂಡೀನಿ. ನನ್ನ ಹಟ್ಟಿ ಒಲಿ ನಿಮ್ಮ ಹೊಲದಾಗ, ನಿಮ್ಮ ಕಣ್ಣ ಮುಂದ ಉರೀತಿತ್ತು. ನಮ್ಮ ಮನಿಯಾಕಿ ಕರೆಮ್ಮ ಬಡದ ರೊಟ್ಟಿ ನೀವು ಒಂದಿನಾನೂ ಮುರೀಲಿಲ್ಲ. ನಾ ಕರೀಲಿಲ್ಲ, ಕರದ್ರ ಏನಂತೀರೋ ಅಂತ ಅಂಜಿದೆ. ನೀವೂ ಕೇಳಲಿಲ್ಲ. ಅಂದ್ರ ಆ ಬಂಡಿ ಮದ್ಲಿಂದನೂ ನಡುವ ಇತ್ತು. ಇಬ್ರಿಗೂ ಕಂಡಿದ್ದಿಲ್ಲ.

"ಈಗ ಕರ್ಯಾಕತ್ತೀನಿ. ಎಳ್ಳಮಾಸಿ ದಿನ ಕಲ್ಲೂರಿಗೆ ಬರ್ರಿ. ನನ್ನ ಸಾಲಿನಾಗ ಕೂಡ್ರಿ. ನಿಮ್ಮ ಸೊಸಿನ್ನೂ ಕರಕೊಂಡು ಬರ್ರಿ. ಬರಾಕ ಆಗದಿದ್ರ ಕಾಗದ ಬರೀಬ್ಯಾಡ್ರಿ, ನಾ ತಿಳ್ಕೊಂತೀನಿ."

ಅವ್ವನಿಗೆ ಚಿಂತೆ ಹತ್ತಿದೆ. ನಮ್ಮ ಗಡಿಗೆಯಲ್ಲಿ ಬಾಡು ಬೇಯುತ್ತದೆ, ಲಿಂಗ ಕಟ್ಟಿದವರು ಹೇಗೆ ಉಂಡಾರು, ಬಂದು ಉಣ್ಣದೆ ಎದ್ದುಹೋದರೆ ನಿನ್ನ ಅಪ್ಪ ಉಳಿಯುವುದಿಲ್ಲ ಎಂದು ನನ್ನ ಹತ್ತಿರ ಅತ್ತಳು. ನನಗೆ ರಜೆ ಸಿಗಲಿಲ್ಲ, ಅವತ್ತು ಬರಲಾರೆ. ಏನಾಯಿತೆಂದು ನೀವೇ ಬರೆಯಿರಿ. ಅಪ್ಪ ಹೇಳುವವನಲ್ಲ.

ನಿಮ್ಮ
ಬಂಡೆಮ್ಮ


ಮಾನ್ವಿ
31 ಡಿಸೆಂಬರ್ 1978

ಚಿ. ಬಂಡೆಮ್ಮನಿಗೆ ಆಶೀರ್ವಾದ.

ಇಷ್ಟು ದಿನ ನಿನ್ನ ಕಣ್ಣಿನಿಂದ ನಿನ್ನ ಅಪ್ಪನಿಗೆ ಬರೆದೆ. ಇದು ನಿನಗೇ.

ಹೋಗಿದ್ದೆ. ಮೊನ್ನೆ ಶುಕ್ರವಾರ ನಮ್ಮ ಹೊಲದ ಚರಗವನ್ನು ಮಗನಿಗೆ ಒಪ್ಪಿಸಿ ಸೊಸೆಯ ಜೊತೆ ಬಸ್ಸು ಹತ್ತಿದೆ. ಎಳ್ಳ ಅಮಾವಾಸ್ಯೆಗೆ ಸ್ವಂತ ಹೊಲ ಬಿಟ್ಟು ಎಲ್ಲಿಗೆ ಹೊರಟಿರಿ ಎಂದು ಓಣಿಯವರೆಲ್ಲ ಕೇಳಿದರು. ಬಸ್ಸಿನಲ್ಲಿ ಬಸವಂತಮ್ಮ ಮೆಲ್ಲಗೆ, "ಮಾವಾರ, ಉಣ್ತೀರೇನ್ರಿ?" ಎಂದಳು. "ಗೊತ್ತಿಲ್ಲವ್ವ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆ ಕಾಗದವಾದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಅಂಬಣ್ಣ ತನ್ನ ಮನೆಯವರೊಡನೆ ಹೊಲದ ಆ ತುದಿಯಲ್ಲಿದ್ದ. ಈ ತುದಿಯಲ್ಲಿ ನಿಮ್ಮ ಹಟ್ಟಿ. ನಿನ್ನ ಅಪ್ಪ, ಚಿಕ್ಕಪ್ಪ ಬೂದೆಪ್ಪ, ಇನ್ನಿಬ್ಬರು ಕುರಿಯವರು ಸಾಲು ಹಿಡಿದು ಕುಳಿತಿದ್ದರು. ನಿನ್ನ ಅಪ್ಪ ಬರ್ರಿ ಎಂದ, ಅಷ್ಟೆ. ಅವನ ಬಾಜೂ ಜಾಗ ಬಿಟ್ಟಿತ್ತು. ನಿನ್ನ ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕಡುಬು ಎಲ್ಲ ಮಾಡಿದ್ದಳು.

ಎಲ್ಲರ ಮುಂದೆ ತಗ್ಗು ಬಿದ್ದ ಹಳೆಯ ಅಲ್ಯೂಮಿನಿಯಂ ತಾಟು. ನನ್ನ ಮುಂದೆ ಮಾತ್ರ ಹೊಸ ಸ್ಟೀಲಿನ ತಾಟು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಹೊಸಾ ಗಡಿಗ್ಯಾಗ ಮಾಡೀನ್ರಿ, ಯಣ್ಣಾರ. ಬಾಡಿನ ಮುಸುರಿನೂ ತಾಕಿಲ್ಲ" ಎಂದಳು ನಿನ್ನ ಅವ್ವ. ಪಾಪ, ಪ್ರೀತಿಯಿಂದಲೇ ತಂದದ್ದು. ನಿನ್ನ ಅಪ್ಪ ಕುರಿಗಳ ಕಡೆ ನೋಡುತ್ತಾ ಕುಳಿತಿದ್ದ. ನಾನು ಆ ತಾಟು ನೋಡಿದೆ. ಅದರಲ್ಲಿ ಉಂಡು ಎದ್ದುಹೋದರೆ ನಾನು ಮತ್ತೆ ಬಂಡಿಯ ಈಚೆಗೇ ಉಂಡಂತೆ.

ಸೊಸೆಯ ಕಡೆ ತಿರುಗಿದೆ. ಈ ಸಲ ಕಣ್ಣಿನಲ್ಲಿ ತೋರಿಸಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಈ ತಾಟು ತಗದು ಎಲ್ಲಾರಂಥಾದು ಹಾಕವ್ವ." ಅವಳು ಹೊಸದನ್ನು ಎತ್ತಿ ಹಳೆಯದೊಂದನ್ನು ತಂದಿಟ್ಟಳು. ಅವಳ ಕೈ ನೋಡಿದೆ. ನಡುಗಲಿಲ್ಲ.

ನಿನ್ನ ಅಪ್ಪ ಒಂದು ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿದ. ಯಾರೂ ಕೈ ಹಚ್ಚಲಿಲ್ಲ, ಕಾಯುತ್ತಿದ್ದರು. ನಾನು ಕೈ ಚಾಚಿದೆ. ಸುಳ್ಳು ಬರೆಯುವುದಿಲ್ಲ ಬಂಡೆಮ್ಮ, ನಡುಗಿದ್ದು ಆಗ, ನನ್ನ ಕೈ. ಐವತ್ತೆಂಟು ವರ್ಷದ ರೂಢಿ ಬೆರಳಿನಲ್ಲಿ ಕುಳಿತಿತ್ತು, ಮನಸ್ಸು ಒಪ್ಪಿದರೂ ಬೆರಳು ಒಪ್ಪಲಿಲ್ಲ. ನಿನ್ನ ಅಪ್ಪ ಅದನ್ನು ನೋಡಿದ. ಅವನ ಕಣ್ಣಿಗೆ ಕೈ ನಡುಗಿದ್ದು ತಪ್ಪಿಸಿಕೊಳ್ಳುತ್ತದೆಯೆ. ಹೆಗಲ ಮೇಲಿನ ಕಂಬಳಿ ತೆಗೆದು ನನಗೆ ಹೊದಿಸಿದ. "ಈ ವರ್ಷ ಥಂಡಿ ಭಾಳ ಅದ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಆಗ ಸೂರ್ಯ ನೆತ್ತಿಯ ಮೇಲಿದ್ದ. ಬೂದೆಪ್ಪ ಬೆವರು ಒರೆಸಿಕೊಳ್ಳುತ್ತಿದ್ದ. ನಾನು ರೊಟ್ಟಿ ಮುರಿದೆ, ಉಂಡೆ. ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡೆ. ನಿನ್ನ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಡಿಗೆಯ ಕಡೆ ಹೋದಳು.

ಹೊರಡುವಾಗ ಕಂಬಳಿ ತೆಗೆದು ಕೊಡಹೋದೆ. "ಇರ್ಲಿ ಬಿಡ್ರಿ ವಿರೂಪಣ್ಣ. ಮುಂದಿನ ವರ್ಷ ಬೇವಿನ ಗಿಡದ ಕೆಳಗ ಇಸ್ಕೊಂತೀನಿ" ಎಂದ. ನಾನು ಕಂಬಳಿಯನ್ನು ಮತ್ತೆ ಹೆಗಲಿಗೆ ಎಳೆದುಕೊಂಡೆ.

ಬಸ್ಸಿನಲ್ಲಿ ಅದನ್ನು ಹೊದ್ದುಕೊಂಡೇ ಕುಳಿತೆ. ಕಂಡಕ್ಟರ್ ಖಾಜಾಮಿಯಾ ನಮ್ಮೂರಿನವನೇ. ಬಿಸಿಲಿನಲ್ಲಿ ಕಂಬಳಿ ಹೊದ್ದವನನ್ನು ನೋಡಿ, "ಜ್ವರ ಬಂದಾವೇನ್ರಿ, ಸಾವ್ಕಾರ್ರ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಬಸವಂತಮ್ಮ ಹೇಳಿದಳು: "ಇಲ್ರಿ. ನಮ್ಮ ಮಾವಾರು ತಮ್ಮ ಗೆಳ್ಯಾನ ಹಟ್ಟ್ಯಾಗ ಉಂಡು ಬಂದಾರ."

ನಿನ್ನ ಕಾಕಾ
ವಿರೂಪಣ್ಣ